ಡೆರೆಕ್ ಕಲಿಸಿದ ಶನಿವಾರಗಳು

ಹೋದ ತಿಂಗಳು ಮೆಂತೆ ಸೊಪ್ಪು ತರಲು ಲಂಡನ್ನಿನ ವೆಂಬ್ಲಿಗೆ ಹೋಗಿದ್ದೆ. ಈಲಿಂಗ್ ರೋಡಿನ ತರಕಾರಿ ಅಂಗಡಿಯೊಂದರ ಬಾಗಿಲಿಗೆ ಅಂಟಿಕೊಂಡಂತೆ ಈಗ ಒಂದು ಮೊಬೈಲ್ ರಿಪೇರಿ ಮೇಜು ಬಂದಿದೆ. ನಡುವಯಸ್ಸಿನ ಒಬ್ಬ ಮನುಷ್ಯ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾವುದೋ ಫೋನಿನ ಹೊಟ್ಟೆಯಲ್ಲಿ ಸಾಲ್ಡರಿಂಗ್ ಮಾಡುತ್ತಿದ್ದ. ಸಣ್ಣಗೆ ಎದ್ದ ಹೊಗೆ ಮೂಗಿಗೆ ಬಂತು. ರಾಳ ಸುಟ್ಟ ವಾಸನೆ. ಸೊಪ್ಪಿನ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

"ಫೋನ್ ಕೆಟ್ಟಿದೆಯಾ, ಆಂಟೀ?" ಎಂದು ಆತ ಹಿಂದಿಯಲ್ಲಿ ಕೇಳಿದ.

"ಇಲ್ಲಪ್ಪ."

"ಹಾಗಾದರೆ ಸ್ವಲ್ಪ ಆ ಕಡೆ ನಿಲ್ಲಿ. ನನ್ನ ಬೆಳಕಿಗೆ ಅಡ್ಡ ಬಂದಿದ್ದೀರಿ."

ಸರಿದು ನಿಂತೆ. ಬಸ್ಸಿನಲ್ಲಿ ಗ್ರೀನ್‌ಫರ್ಡ್‌ನ ಮನೆಗೆ ವಾಪಸು ಬರುವವರೆಗೂ ಆ ವಾಸನೆ ಬಿಡಲಿಲ್ಲ. ತೊಂಬತ್ತೆಂಟರ ಸೆಪ್ಟೆಂಬರ್‌ನಿಂದ ಮುಂದಿನ ಜುಲೈವರೆಗಿನ ಒಂದು ವರ್ಷ ಅದರ ಜೊತೆ ಬಂತು. ಆ ವರ್ಷದಲ್ಲಿ ನನಗೊಂದು ಪ್ರಶಸ್ತಿ ಬಂದಿತ್ತು. ಅದು ಹೇಗೆ ಬಂತು ಎಂಬುದನ್ನು ಇದುವರೆಗೆ ಎಲ್ಲಿಯೂ ಬರೆದಿಲ್ಲ.

ನಾನು ಕಲಿಸುತ್ತಿದ್ದ ಕಾಲೇಜಿನ ಹೆಸರು ಹೇಳುವುದಿಲ್ಲ. ಅದು ಈಗ ಇಲ್ಲ, ಆ ಜಾಗದಲ್ಲಿ ಫ್ಲ್ಯಾಟುಗಳು ಎದ್ದಿವೆ. ಇಲ್ಲಿ ಕಾಲೇಜು ಅಂದರೆ ನಮ್ಮ ಕಡೆಯ ಡಿಗ್ರಿ ಕಾಲೇಜಿನಂತೆ ಅಲ್ಲ. ಐಟಿಐ ಮತ್ತು ವಯಸ್ಕರ ಶಾಲೆ ಎರಡನ್ನೂ ಒಂದೇ ಚಾವಣಿಯಡಿ ತಂದರೆ ಹೇಗಿರುತ್ತದೋ ಹಾಗೆ. ಹಗಲು ದುಡಿದು ದಣಿದವರು, ಊರು ಬಿಟ್ಟು ಬಂದವರು, ಶಾಲೆಯಲ್ಲಿ ಒಮ್ಮೆ ಸೋತವರು ಎರಡನೆಯ ಸಲ ಬಂದು ಕೂರುವ ಜಾಗ ಅದು.

ನಾನೂ ಅಂಥವಳೇ. ನಮ್ಮಪ್ಪನಿಗೆ ವಿಜಯಪುರದಲ್ಲಿ ಸೈಕಲ್ ರಿಪೇರಿ ಅಂಗಡಿ ಇತ್ತು. ಅಪ್ಪ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು, ಅವ್ವ ಶಾಲೆಯ ಮುಖ ನೋಡಿದವಳಲ್ಲ. ನಾನು ಎಲೆಕ್ಟ್ರಾನಿಕ್ಸ್ ತೆಗೆದುಕೊಂಡು ಬಿ.ಎಸ್ಸಿ. ಮಾಡಿದೆ. ನಮ್ಮ ವಂಶದಲ್ಲಿ ಡಿಗ್ರಿ ಎಂಬುದನ್ನು ಮೊದಲು ಕಂಡವಳು ನಾನು, ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮೂರು ವರ್ಷ ಗ್ರೀನ್‌ಫರ್ಡ್‌ನ ಗೋದಾಮಿನಲ್ಲಿ ಬಿಸ್ಕತ್ತಿನ ಡಬ್ಬಿಗಳಿಗೆ ಚೀಟಿ ಅಂಟಿಸಿದೆ. ಅದರ ನಡುವೆಯೇ ಬಿಡುವಿನಲ್ಲಿ ಇಲ್ಲಿನ ಶಿಕ್ಷಕರ ಪರೀಕ್ಷೆ ಕಟ್ಟಿ ಪಾಸಾಗಿ ಕಾಲೇಜಿನಲ್ಲಿ ಕಂಪ್ಯೂಟರ್ ಶಿಕ್ಷಕಿಯಾದೆ. ಡಿಗ್ರಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ ತೂಗುಹಾಕಿದ್ದೆ. ನಮ್ಮವರು ಬಸವರಾಜ ಅದನ್ನು ನೋಡಿದಾಗಲೆಲ್ಲ ಛೇಡಿಸುತ್ತಿದ್ದರು: "ದೇವರ ಫೋಟೋಕ್ಕಿಂತ ಒಂದ್ ಗೇಣ ಮ್ಯಾಲ ಹಾಕೀಯಲ್ಲ, ಇದಕ್ಕೂ ದಿನಾ ಊದಿನಕಡ್ಡಿ ಹಚ್ಚತಿ ಏನು?"

ಕಾಲೇಜಿನ ನೆಲಮಾಳಿಗೆಯ ವರ್ಕ್‌ಶಾಪಿನಲ್ಲಿ ಡೆರೆಕ್ ಇದ್ದರು. ಟೆಕ್ನಿಷಿಯನ್. ಐವತ್ತಾರು ವಯಸ್ಸು, ಕಂದು ಬಣ್ಣದ ಉದ್ದ ಕೋಟು, ಅದರ ಜೇಬಿನ ತುಂಬ ಸ್ಕ್ರೂಗಳು. ಹದಿನೈದಕ್ಕೆ ಶಾಲೆ ಬಿಟ್ಟು ರೇಡಿಯೊ ಕಾರ್ಖಾನೆ ಸೇರಿದವರು, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದರು. ಕೈಯಲ್ಲಿ ಒಂದೇ ಒಂದು ಸರ್ಟಿಫಿಕೇಟೂ ಇರಲಿಲ್ಲ. ಮೊದಲ ದಿನ ನನ್ನನ್ನು "ಬಾ ಲವ್, ಕೂತ್ಕೋ" ಎಂದು ಕರೆದಾಗ ನಾನು ಬೆವತುಹೋಗಿದ್ದೆ. ಆಮೇಲೆ ನೋಡಿದರೆ ಪೋಸ್ಟ್‌ಮ್ಯಾನ್‌ಗೂ ಲವ್, ಪ್ರಿನ್ಸಿಪಾಲರಿಗೂ ಲವ್. ಪುಸ್ತಕದಿಂದ ಕಲಿತ ನನಗೆ ಸಾಲ್ಡರಿಂಗ್ ಕಡ್ಡಿ ಹಿಡಿಯುವುದು ನೆಟ್ಟಗೆ ಬರುತ್ತಿರಲಿಲ್ಲ. ಮಗಳ ಕೈ ಎಣ್ಣೆಯಾಗಬಾರದೆಂದು ಅಪ್ಪ ನನ್ನನ್ನು ಅಂಗಡಿಯ ಸ್ಪ್ಯಾನರಿನ ಹತ್ತಿರವೂ ಬಿಟ್ಟಿರಲಿಲ್ಲ. ಸಾಲ್ಡರಿಂಗ್ ನನಗೆ ಕಲಿಸಿದವರು ಡೆರೆಕ್.

ಎರಡು ಸಾವಿರ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಲೋಕವೇ ಹೆದರಿದ್ದ ಕಾಲ ಅದು. ಅಕ್ಸ್‌ಬ್ರಿಡ್ಜ್‌ನ ಕಚೇರಿಗಳು ಹಳೆಯ ಯಂತ್ರಗಳನ್ನು ರಾಶಿ ರಾಶಿ ಹೊರಗೆ ಹಾಕುತ್ತಿದ್ದವು. ಡೆರೆಕ್ ಕಾಲೇಜಿನ ವ್ಯಾನ್ ತೆಗೆದುಕೊಂಡು ಹೋಗಿ ತುಂಬಿಕೊಂಡು ಬರುತ್ತಿದ್ದರು. ದುಡಿಯುವ ಜನಕ್ಕೆಂದು ಶನಿವಾರ ಬೆಳಿಗ್ಗೆ ಕಂಪ್ಯೂಟರ್ ರಿಪೇರಿ ತರಗತಿ ಶುರುವಾಯಿತು. ಹದಿನಾಲ್ಕು ಜನ ಸೇರಿದರು.

ಅದೇ ಸೆಪ್ಟೆಂಬರ್‌ನಲ್ಲಿ ನಮ್ಮ ವಿಭಾಗದ ಇನ್ನೊಬ್ಬ ಶಿಕ್ಷಕ ಕೆಲಸ ಬಿಟ್ಟು ಹೋದ. ಅವನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ವೇಳಾಪಟ್ಟಿ ನೋಡಿದರೆ ಶನಿವಾರ ಒಂದೇ ಹೊತ್ತಿಗೆ ನಾನು ಎರಡು ಕಡೆ ಇರಬೇಕಿತ್ತು. ಮೇಲೆ ಎರಡನೆಯ ಮಹಡಿಯಲ್ಲಿ ಆಫೀಸು ಕೆಲಸದ ಗುಂಪಿಗೆ ಪಾಠ, ಕೆಳಗೆ ನೆಲಮಾಳಿಗೆಯಲ್ಲಿ ರಿಪೇರಿ. ವಿಭಾಗದ ಮುಖ್ಯಸ್ಥೆ ಹೆಲೆನ್ ಹತ್ತಿರ ಹೋಗಿ ಹೇಳಿದೆ. ಅವರು ಪಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು.

"ನೀನು, ಡೆರೆಕ್ ಇಬ್ಬರೂ ಸೇರಿ ಹೇಗೋ ಹೊಂದಿಸಿಕೊಳ್ಳಿ, ಸುಮಿತ್ರಾ" ಎಂದರು.

ಇಲ್ಲಿನ ಆಫೀಸುಗಳಲ್ಲಿ ಈ ಮಾತಿಗೆ, ಮಾಡಿ, ಆದರೆ ನನಗೆ ಹೇಳಬೇಡಿ ಎಂದು ಅರ್ಥ.

ಹೊಂದಿಸಿಕೊಂಡೆವು. ನಾನು ಮೇಲೆ, ಡೆರೆಕ್ ಕೆಳಗೆ. ತೊಡಕು ಇದ್ದದ್ದು ಫೈಲುಗಳಲ್ಲಿ. ಆ ಕೋರ್ಸಿನಲ್ಲಿ ಬರೆಯುವ ಪರೀಕ್ಷೆ ಇಲ್ಲ. ಒಬ್ಬೊಬ್ಬರಿಗೂ ಒಂದು ದಪ್ಪ ಫೈಲು, ಅದರಲ್ಲಿ ಅವರು ಮಾಡಿದ ಪ್ರತಿ ಕೆಲಸಕ್ಕೂ ಒಂದು ಹಾಳೆ, ಹಾಳೆಯ ಕೆಳಗೆ "ಈ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದೇನೆ" ಎಂದು ಅರ್ಹ ಶಿಕ್ಷಕರ ಸಹಿ. ಡೆರೆಕ್ ಅರ್ಹರಲ್ಲ. ಅವರು ಸಾಮಾನು ಜೋಡಿಸಿ ಕೊಡಬಹುದು, ಕಲಿಸುವ ಹಾಗಿಲ್ಲ, ಕಲಿತವರನ್ನು ಅಳೆಯುವ ಹಾಗಂತೂ ಇಲ್ಲವೇ ಇಲ್ಲ. ಅರ್ಹತೆ ಇಲ್ಲದವರ ಕೈಯಲ್ಲಿ ಕಲಿತರೆಂದು ಗೊತ್ತಾದರೆ ಹದಿನಾಲ್ಕು ಫೈಲೂ ರದ್ದು.

ಪ್ರತಿ ಸೋಮವಾರ ಊಟದ ಹೊತ್ತಿನಲ್ಲಿ ಡೆರೆಕ್ ತಮ್ಮ ನೋಟ್‌ಬುಕ್ ತೆರೆದು, ಯಾರು ಏನು ಮಾಡಿದರು, ಎಲ್ಲಿ ತಡವರಿಸಿದರು ಎಂದು ಒಂದೊಂದಾಗಿ ಹೇಳುತ್ತಿದ್ದರು. ನಾನು ಸಹಿ ಹಾಕುತ್ತಿದ್ದೆ. ಮೊದಲ ಸೋಮವಾರ ಪೆನ್ನು ಹಿಡಿದ ಕೈ ಮುಂದೆ ಹೋಗಲಿಲ್ಲ. ದೀಪಾವಳಿ ಬರುವ ಹೊತ್ತಿಗೆ ಚಪಾತಿ ತಿನ್ನುತ್ತಲೇ ಸಹಿ ಹಾಕುತ್ತಿದ್ದೆ.

ಎರಡು ಪಾಠಗಳ ನಡುವೆ ಬಿಡುವು ಸಿಕ್ಕಾಗ ಕೆಳಗಿಳಿದು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಡೆರೆಕ್ ಶುಕ್ರವಾರವೇ ಎಲ್ಲ ಯಂತ್ರಗಳನ್ನೂ ಕೆಡಿಸಿಡುತ್ತಿದ್ದರು, ಒಂದೊಂದಕ್ಕೆ ಒಂದೊಂದು ರೋಗ. ಶನಿವಾರ ಬಂದವರು ಅದನ್ನು ಹುಡುಕಬೇಕು. ಮೊದಲು ಕಣ್ಣು, ಆಮೇಲೆ ಮೂಗು, ಆಮೇಲೆ ಕೈ, ಮೀಟರು ಕಟ್ಟಕಡೆಗೆ. ಇನ್ನೊಂದು ನಿಯಮವೂ ಇತ್ತು. ಹುಡುಕುವಾಗ ಏನು ಮಾಡುತ್ತಿದ್ದೇವೆ ಎಂಬುದನ್ನು ಜೋರಾಗಿ ಹೇಳಬೇಕು, ಇಂಗ್ಲಿಷಿನಲ್ಲಲ್ಲ, ಅವರವರ ಮನೆಮಾತಿನಲ್ಲಿ. ಒಂದು ಮೂಲೆಯಲ್ಲಿ ಪಂಜಾಬಿ, ಇನ್ನೊಂದರಲ್ಲಿ ಸೊಮಾಲಿ, ಕಿಟಕಿಯ ಹತ್ತಿರ ಪೋಲಿಷ್. ಮಧ್ಯದ ಮೇಜಿನಲ್ಲಿ ಬೆಳಗಾವಿಯ ರೇಣುಕಾ. ಏರ್‌ಪೋರ್ಟಿನ ಹತ್ತಿರ ವಿಮಾನದ ಊಟದ ತಟ್ಟೆ ಜೋಡಿಸುವ ಕೆಲಸ ಮಾಡುತ್ತಿದ್ದ ನಲವತ್ತರ ಹೆಂಗಸು. ಗಂಡ ಬೆನ್ನು ಹಿಡಿದುಕೊಂಡು ಮನೆಯಲ್ಲಿ ಕೂತಿದ್ದ. ಅಕ್ಸ್‌ಬ್ರಿಡ್ಜ್‌ನ ಒಂದು ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಖಾಲಿಯಾಗಲಿತ್ತು. ಸರ್ಟಿಫಿಕೇಟು ತಂದರೆ ಕೊಡುತ್ತೇವೆ ಎಂದಿದ್ದರು.

"ಇದರ ಹೊಟ್ಟಿ ತಣ್ಣಗೈತಿ. ಫ್ಯಾನ್ ತಿರಗಾಕತ್ತೈತಿ, ಅಂದ್ರ ಉಸಿರೈತಿ" ಎನ್ನುತ್ತ ರೇಣುಕಾ ಯಂತ್ರದೊಳಗೆ ಬೆರಳಾಡಿಸುತ್ತಿದ್ದಳು. "ಆದ್ರ ಮಾತಾಡವಲ್ದು. ಈ ಪಟ್ಟಿ ಸರಿ ಕುಂತೈತಿ... ಇದು..."

ಅಲ್ಲಿಗೆ ನಿಲ್ಲಿಸಿದಳು. ಹಿಂದೆ ಕೈ ಕಟ್ಟಿ ನಿಂತಿದ್ದ ಡೆರೆಕ್ ತಕ್ಷಣ, "ಹಾಂ, ಅಲ್ಲೇ! ಅಲ್ಲಿ ಯಾಕೆ ನಿಂತೆ?" ಎಂದರು.

ಆಮೇಲೆ ನಾನು ಕೇಳಿದೆ: "ಅವಳು ಹೇಳಿದ್ದು ನಿಮಗೇನು ತಿಳಿಯಿತು?"

"ಒಂದಕ್ಷರವೂ ಇಲ್ಲ. ಕೈ ನಿಂತದ್ದು ತಿಳಿಯಿತು. ಇಂಗ್ಲಿಷಿನಲ್ಲಿ ಕೇಳಿದರೆ ನಾನು ಹೇಳಿಕೊಟ್ಟದ್ದನ್ನೇ ನನಗೆ ಒಪ್ಪಿಸುತ್ತಾರೆ, ಲವ್. ಅವರ ಮಾತಿನಲ್ಲಿ ಬಿಟ್ಟರೆ ಯೋಚನೆ ಮಾಡುತ್ತಾರೆ."

ನಮ್ಮ ಕಾಲೇಜಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ತರಗತಿಯ ಅರ್ಧ ಜನ ಕಾಣೆಯಾಗುವುದು ವಾಡಿಕೆ. ಆ ವರ್ಷದ ಚಳಿಗಾಲ ಸಣ್ಣ ಮಳೆಯ, ಕೊನೆಯೇ ಇಲ್ಲದ ಚಳಿಗಾಲ. ನಾಲ್ಕು ಗಂಟೆಗೆ ಕತ್ತಲು. ಆದರೂ ಜನವರಿಯ ಮೊದಲ ಶನಿವಾರ ಹದಿನಾಲ್ಕು ಜನವೂ ಬಂದು ಕೋಟು ಕೊಡವಿಕೊಂಡು ಕೂತರು. ಹೆಲೆನ್ ಹಾಜರಿ ನೋಡಿ ನನ್ನನ್ನು ಕರೆಸಿದರು. ಪಶ್ಚಿಮ ಲಂಡನ್ನಿನ ಕಾಲೇಜುಗಳೆಲ್ಲ ಸೇರಿ ಆ ವರ್ಷ ತಂತ್ರಜ್ಞಾನ ಶಿಕ್ಷಣಕ್ಕೆ ವಿಶಿಷ್ಟ ಕೊಡುಗೆ ಎಂಬ ಪ್ರಶಸ್ತಿ ಕೊಡುವವರಿದ್ದರು. "ನಿನ್ನ ಹೆಸರು ಕಳಿಸುತ್ತಿದ್ದೇನೆ" ಎಂದು ಅರ್ಜಿಯನ್ನು ಕೈಗಿತ್ತರು. ಅದು ಬೋಧಕರಿಗೆ ಮಾತ್ರ ಎಂದು ಮೊದಲ ಸಾಲಿನಲ್ಲೇ ಅಚ್ಚಾಗಿತ್ತು.

ನಿಮ್ಮ ಬೋಧನೆಯ ವಿಧಾನವನ್ನು ವಿವರಿಸಿ ಎಂದು ಕೇಳಿದ್ದರು. ಮನೆಮಾತಿನಲ್ಲಿ ಯೋಚಿಸುವುದು, ಕೆಡಿಸಿಟ್ಟ ಯಂತ್ರ, ಕಣ್ಣು, ಮೂಗು, ಕೈ, ಎಲ್ಲವನ್ನೂ ಬರೆದೆ. ನಾನು ಹೀಗೆ ಮಾಡುತ್ತೇನೆ, ನಾನು ಹೀಗೆ ಕಲಿಸುತ್ತೇನೆ. ಕೊನೆಗೆ ಒಂದು ಪ್ರಶ್ನೆ: ಸಹಾಯಕ ಸಿಬ್ಬಂದಿಯ ಪಾತ್ರವೇನು? ಅಲ್ಲಿ ಬಹಳ ಹೊತ್ತು ಕೂತೆ. ಡೆರೆಕ್ ಬಗ್ಗೆ ಒಂದು ಸಾಲು ಹೆಚ್ಚು ಬರೆದರೂ, ಹಾಗಾದರೆ ಶನಿವಾರ ವರ್ಕ್‌ಶಾಪಿನಲ್ಲಿ ಇದ್ದವರು ಯಾರು ಎಂದು ಯಾರಾದರೂ ಕೇಳಬಹುದಿತ್ತು. "ಟೆಕ್ನಿಷಿಯನ್ ಕಂಪ್ಯೂಟರುಗಳನ್ನು ಹೊತ್ತು ತಂದು ಮೇಜಿನ ಮೇಲೆ ಇಡುತ್ತಾರೆ" ಎಂದು ಬರೆದೆ.

ಅರ್ಜಿಯನ್ನು ಡೆರೆಕ್ ಮುಂದೆ ಓದಿದೆ. ಅವರಿಗೆ ಗೊತ್ತಿಲ್ಲದೆ ಕಳಿಸಲು ಮನಸ್ಸು ಬರಲಿಲ್ಲ.

"ಇಷ್ಟೇನಾ?" ಎಂದರು. "ಚಹಾ ಚೆನ್ನಾಗಿ ಮಾಡುತ್ತಾರೆ ಅಂತ ಸೇರಿಸು."

"ನಗಬೇಡಿ ಡೆರೆಕ್. ಈ ಅರ್ಜಿ ಹರಿದು ಹಾಕುತ್ತೇನೆ."

"ಹರಿದರೆ, ಯಾಕೆ ಬೇಡ ಅಂದೆ ಅಂತ ಹೆಲೆನ್ ಕೇಳುತ್ತಾರೆ. ಏನು ಹೇಳುತ್ತೀ? ರೇಣುಕಾಗೆ ಆ ಸರ್ಟಿಫಿಕೇಟು ಬೇಕು. ಕಳಿಸು."

ಆ ಹದಿನಾಲ್ಕು ಜನರಿಗಾಗಿ ಕಳಿಸಿದೆ ಎಂದರೆ ಅರ್ಧ ನಿಜ. ಉಳಿದರ್ಧ ಏನೆಂದರೆ, ನನಗೆ ಪ್ರಶಸ್ತಿ ಬೇಕಿತ್ತು. ಗೋದಾಮಿನಲ್ಲಿ ಚೀಟಿ ಅಂಟಿಸುವಾಗ ನನ್ನ ಡಿಗ್ರಿಯ ಹೆಸರು ಕೇಳಿ ನಕ್ಕ ಮೇಲ್ವಿಚಾರಕನ ಮುಖ ನನಗೆ ಮರೆತಿರಲಿಲ್ಲ.

ಮಾರ್ಚಿನ ಒಂದು ಶನಿವಾರ ಪ್ರಶಸ್ತಿ ಸಮಿತಿಯ ಹೆಂಗಸೊಬ್ಬರು ತರಗತಿ ನೋಡಲು ಬಂದರು. ಅವತ್ತು ಆಫೀಸು ಗುಂಪಿಗೆ ರಜೆ ಕೊಟ್ಟಿದ್ದೆ. ಡೆರೆಕ್ ಹಲ್ಲುನೋವೆಂದು ಬಂದಿರಲಿಲ್ಲ. ಅವರ ಹಲ್ಲಿಗೆ ಏನೂ ಆಗಿರಲಿಲ್ಲ. ಆ ಹೆಂಗಸು ಮೇಜಿನಿಂದ ಮೇಜಿಗೆ ಹೋಗಿ, ರೇಣುಕಾಳ ಮುಂದೆ ನಿಂತು, ನಿನ್ನ ಭಾಷೆಯಲ್ಲಿ ಹೀಗೆ ಹೇಳುತ್ತ ಕೆಲಸ ಮಾಡು ಎಂದು ಕಲಿಸಿದವರು ಯಾರು ಎಂದು ಕೇಳಿದರು. ರೇಣುಕಾ ನನ್ನ ಕಡೆ ನೋಡದೆ, "ಸುಮಿತ್ರಾ ಟೀಚರ್" ಎಂದಳು.

ಮುಗಿದ ಮೇಲೆ ಎಲ್ಲರೂ ಹೋದರು. ರೇಣುಕಾ ಬಾಗಿಲ ಹತ್ತಿರ ಉಳಿದಿದ್ದಳು.

"ಅಕ್ಕೋರ, ನಿನ್ನಿ ಡೆರೆಕ್ ಮಾಸ್ತರು ಫೋನ್ ಮಾಡಿದ್ರು. ಯಾರ ಏನ್ ಕೇಳಿದ್ರೂ ನಿಮ್ಮ ಹೆಸರ ಹೇಳಬೇಕಂತ. ಹೇಳೀನ್ರಿ."

"ಗೊತ್ತಾತು, ರೇಣುಕಾ."

"ಹೇಳೀನಿ. ಆದ್ರ ಭಾಳ ಕೆಟ್ಟ ಅನಸಾಕತ್ತೈತಿ ನೋಡ್ರಿ. ಉಂಡ ಮನಿ ಹೆಸರ ಬಿಟ್ಟು ಬ್ಯಾರೆ ಮನಿ ಹೆಸರ ಹೇಳಿದಂಗಾತು." ಅಷ್ಟು ಹೇಳಿ ಅವಳೇ ಗಾಬರಿಯಾದಳು. "ನಿಮಗ ಅಂದಿಲ್ಲ ಮತ್ತ, ಅಕ್ಕೋರ."

ಅವಳು ಅಂದದ್ದು ನನಗೇ. ಸರಿಯಾಗಿಯೇ ಅಂದಿದ್ದಳು.

ಏಪ್ರಿಲ್‌ನಲ್ಲಿ ಪ್ರಶಸ್ತಿ ಬಂತೆಂದು ಕಾಗದ ಬಂತು. ವಿಜಯಪುರಕ್ಕೆ ಫೋನ್ ಮಾಡಿದೆ. ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಅಪ್ಪನನ್ನು ಕರೆಸಿದರು.

"ಎದಕ್ಕ ಕೊಟ್ಟಾರವ್ವಾ?"

"ಕಲಿಸಿದ್ದಕ್ಕ, ಅಪ್ಪಾ. ಕಂಪ್ಯೂಟರ್ ರಿಪೇರಿ ಕಲಿಸಿದ್ದಕ್ಕ."

"ನೀ ಮಂದಿಗೆ ರಿಪೇರಿ ಕಲಸ್ತಿ?" ಅಪ್ಪ ಬಹಳ ಹೊತ್ತು ನಕ್ಕರು. "ನಾ ನಿನಗ ಪಂಚರ್ ಹಾಕೂದ ಸೈತ ಕಲಿಸಿರಲಿಲ್ಲಲ್ಲ ಮಗಳ. ಯಾರ ಕಲಿಸಿದರವ್ವಾ ನಿನಗ?"

ಲೈನು ಸರಿಯಿಲ್ಲ, ಕೇಳಿಸುತ್ತಿಲ್ಲ ಎಂದು ಹೇಳಿ ಇಟ್ಟುಬಿಟ್ಟೆ.

ಸಮಾರಂಭ ಮೇ ತಿಂಗಳಲ್ಲಿ, ಅಕ್ಸ್‌ಬ್ರಿಡ್ಜ್‌ನ ಒಂದು ಹೋಟೆಲಿನಲ್ಲಿ. ನಮ್ಮವರು ಮದುವೆಯ ಸೂಟು ಹಾಕಿಕೊಂಡು ಬಂದರು, ಗುಂಡಿ ಕೂಡಲಿಲ್ಲ. ಮಗಳು ಇಂಗ್ಲಿಷಿನಲ್ಲಿ, "ಮಮ್, ಪ್ಲೀಸ್ ಅಳಬೇಡ" ಎಂದು ಮೊದಲೇ ತಾಕೀತು ಮಾಡಿದ್ದಳು. ನನ್ನ ಹೆಸರು ಕರೆದರು. ಗಾಜಿನ ಫಲಕ ಕೊಟ್ಟರು, ಎರಡು ಮಾತು ಹೇಳಿ ಎಂದರು. ಹಿಂದಿನ ಮೇಜಿನಲ್ಲಿ ಡೆರೆಕ್ ಕೂತಿದ್ದರು. ಕೋಟು ಇಲ್ಲದೆ, ಟೈ ಕಟ್ಟಿಕೊಂಡು, ಯಾರದೋ ಮನೆಗೆ ಬಂದವರ ಹಾಗೆ. ಕೃತಜ್ಞತೆ ಹೇಳುತ್ತ ಹೇಳುತ್ತ ಅವರ ಹೆಸರಿಗೆ ಬಂದೆ. ಅರ್ಜಿಯಲ್ಲಿ ಬರೆದದ್ದಕ್ಕಿಂತ ಬೇರೆ ಏನನ್ನೂ ಹೇಳುವ ಹಾಗಿರಲಿಲ್ಲ. ಸಮಿತಿಯ ಹೆಂಗಸು ಮೊದಲ ಸಾಲಿನಲ್ಲೇ ಇದ್ದರು. "ನಮಗಾಗಿ ಯಂತ್ರಗಳನ್ನು ಹೊತ್ತ ಡೆರೆಕ್ ಅವರಿಗೂ" ಎಂದೆ. ಸಭೆ ಸಣ್ಣಗೆ ನಕ್ಕಿತು. ಡೆರೆಕ್ ತೋಳು ಮಡಚಿ ತಮ್ಮ ಮಾಂಸಖಂಡ ತೋರಿಸಿದರು. ಸಭೆ ಇನ್ನಷ್ಟು ನಕ್ಕಿತು. ಆಗ ನಾನು ಅತ್ತೆ. ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು.

ಜೂನ್‌ನಲ್ಲಿ ಕಾಲೇಜು ಹುದ್ದೆಗಳನ್ನು ಕಡಿಮೆ ಮಾಡಲು ಹೊರಟಿತು. ಡೆರೆಕ್‌ಗೆ ಒಂದು ಕಾಗದ ಬಂತು: ನಿಮ್ಮ ಹುದ್ದೆಯ ಬಗ್ಗೆ ಮಾತಾಡಬೇಕು, ಬರುವಾಗ ಒಬ್ಬ ಸಹೋದ್ಯೋಗಿಯನ್ನು ಕರೆತರಬಹುದು. ಡೆರೆಕ್ ನನ್ನನ್ನೇ ಕರೆದರು.

"ನಾನು ಬೇಡ ಡೆರೆಕ್. ಯೂನಿಯನ್ನಿನವರನ್ನು ಕರೆಯಿರಿ."

"ಯೂನಿಯನ್ನಿನವನು ಬಂದರೆ ಕಿರುಚಾಡುತ್ತಾನೆ. ನೀನು ಪಕ್ಕದಲ್ಲಿ ಕೂತ್ಕೋ, ಸಾಕು."

ಕೋಣೆ ಬಿಸಿಲಿಗೆ ಕಾದಿತ್ತು. ಮೇಜಿನ ಆ ಕಡೆ ಹೆಲೆನ್ ಮತ್ತು ಸಿಬ್ಬಂದಿ ವಿಭಾಗದ ಒಬ್ಬ ಅಧಿಕಾರಿ, ಈ ಕಡೆ ನಾವಿಬ್ಬರು. ಅಧಿಕಾರಿ ಸೌಮ್ಯ ಮನುಷ್ಯ. ಎದುರಿಗಿದ್ದ ಹಾಳೆಗಳಲ್ಲಿ ಒಂದನ್ನು ಮೇಲೆತ್ತಿದ. ನನ್ನ ಅರ್ಜಿಯ ಪ್ರತಿ, ನನ್ನದೇ ಕೈಬರಹ.

"ವಿಭಾಗವೇ ಕೊಟ್ಟ ವಿವರದ ಪ್ರಕಾರ" ಎಂದು ಓದಿದ, "ಟೆಕ್ನಿಷಿಯನ್ ಕಂಪ್ಯೂಟರುಗಳನ್ನು ಹೊತ್ತು ತಂದು ಮೇಜಿನ ಮೇಲೆ ಇಡುತ್ತಾರೆ." ಹಾಳೆ ಕೆಳಗಿಟ್ಟ. "ಪೂರ್ಣ ಹೊತ್ತಿನ ಹುದ್ದೆಗೆ ಇಷ್ಟು ಕೆಲಸ ಸಾಲದು ಎನ್ನುವುದು ನಮ್ಮ ಅಭಿಪ್ರಾಯ. ಹೊರುವುದಕ್ಕೆ ಪೋರ್ಟರುಗಳು ಇದ್ದಾರೆ."

ಹದಿನಾಲ್ಕು ಫೈಲುಗಳು ಆ ವಾರವಷ್ಟೇ ಪರಿಶೀಲನೆಗೆ ಹೋಗಿದ್ದವು. ಸರ್ಟಿಫಿಕೇಟುಗಳು ಇನ್ನೂ ಬಂದಿರಲಿಲ್ಲ. ರೇಣುಕಾಳ ಕಚೇರಿಯವರು ಜುಲೈ ಕೊನೆಯವರೆಗೆ ಕಾಯುತ್ತೇವೆ ಎಂದಿದ್ದರು. ನಾನು ಬಾಯಿ ತೆರೆದರೆ ಡೆರೆಕ್ ಕೆಲಸ ಉಳಿಯುವ ಖಾತ್ರಿಯೂ ಇರಲಿಲ್ಲ. ನಿಯಮ ಮೀರಿ ಕಲಿಸಿದ್ದಕ್ಕೆ ಅವರನ್ನು, ಸುಳ್ಳು ಸಹಿ ಹಾಕಿದ್ದಕ್ಕೆ ನನ್ನನ್ನು, ಇಬ್ಬರನ್ನೂ ತೆಗೆಯಬಹುದಿತ್ತು. ಇದನ್ನೆಲ್ಲ ಈಗ ಹೀಗೆ ಸಾಲಾಗಿ ಬರೆಯುತ್ತಿದ್ದೇನೆ. ಆಗ ತಲೆಯಲ್ಲಿ ಏನೂ ಇರಲಿಲ್ಲ.

"ಅದು ಹಾಗಲ್ಲ..." ಎಂದೆ.

ಹೆಲೆನ್ ನನ್ನ ಮುಖವನ್ನೇ ನೋಡಿದರು. ಅವರಿಗೆ ಎಲ್ಲ ಗೊತ್ತಿತ್ತು. ಸೆಪ್ಟೆಂಬರ್‌ನಿಂದಲೇ ಗೊತ್ತಿತ್ತು ಎಂಬುದು ಆ ಕ್ಷಣಕ್ಕೆ ನನಗೆ ಖಚಿತವಾಯಿತು.

"ಹಾಗೇ" ಎಂದರು ಡೆರೆಕ್, ನನ್ನ ಮಾತಿನ ಮೇಲೆಯೇ. "ಅವಳು ಬರೆದದ್ದು ಸರಿಯಾಗಿದೆ. ಹೊತ್ತದ್ದು ನಾನು. ಒಂದನ್ನೂ ಬೀಳಿಸಿಲ್ಲ."

"ನೀವು ಏನಾದರೂ ಸೇರಿಸಬೇಕೆ?" ಎಂದು ಅಧಿಕಾರಿ ನನ್ನನ್ನು ಕೇಳಿದ.

"ಇಲ್ಲ" ಎಂದೆ.

ಹೊರಗೆ ಕಾರಿಡಾರಿನಲ್ಲಿ ಡೆರೆಕ್ ಟೈ ಸಡಿಲಿಸಿಕೊಂಡರು. ಏನಾದರೂ ಹೇಳುತ್ತಾರೆ, ಬೈಯುತ್ತಾರೆ ಎಂದು ಕಾದೆ. "ಎಷ್ಟು ಸೆಖೆ ನೋಡು" ಎಂದರು, ಅಷ್ಟೇ.

ಆ ತಿಂಗಳ ಕೊನೆಗೆ ಡೆರೆಕ್ ಹುದ್ದೆ ಹೋಯಿತು. ಜುಲೈನಲ್ಲಿ ಹದಿನಾಲ್ಕು ಸರ್ಟಿಫಿಕೇಟುಗಳೂ ಬಂದವು. ರೇಣುಕಾಗೆ ಅಕ್ಸ್‌ಬ್ರಿಡ್ಜ್‌ನ ಕೆಲಸ ಸಿಕ್ಕಿತು. ಬೆಳಗಾವಿಯಿಂದ ಯಾರೋ ತಂದುಕೊಟ್ಟ ಕುಂದಾದ ಡಬ್ಬಿ ಹಿಡಿದುಕೊಂಡು ಅವಳು ನನ್ನ ಮನೆಗೆ ಬರಲಿಲ್ಲ, ಡೆರೆಕ್ ಮನೆಗೆ ಹೋದಳು. ಅದನ್ನು ಡೆರೆಕ್ ಬರೆದ ಒಂದು ಕಾರ್ಡಿನಿಂದ ತಿಳಿದುಕೊಂಡೆ. ಸಿಹಿ ಚೆನ್ನಾಗಿತ್ತು, ಹೆಂಡತಿಗೂ ಹಿಡಿಸಿತು ಎಂದು ಬರೆದಿದ್ದರು. ಕೆಲವು ವರ್ಷ ಕ್ರಿಸ್‌ಮಸ್ ಕಾರ್ಡು ಬರುತ್ತಿತ್ತು, ಆಮೇಲೆ ನಿಂತಿತು. ಯಾಕೆ ನಿಂತಿತು ಎಂದು ಹೋಗಿ ಕೇಳುವ ಧೈರ್ಯ ನನಗೆ ಬರಲಿಲ್ಲ.

ಮುಂದಿನ ಸೆಪ್ಟೆಂಬರ್‌ನಲ್ಲಿ ಆಫೀಸು ಗುಂಪನ್ನು ಬೇರೆ ದಿನಕ್ಕೆ ಸರಿಸಿ, ಶನಿವಾರದ ರಿಪೇರಿ ತರಗತಿಯನ್ನು ನನಗೊಬ್ಬಳಿಗೇ ಕೊಟ್ಟರು. ಪ್ರಶಸ್ತಿ ಬಂದ ಶಿಕ್ಷಕಿಯಲ್ಲವೇ. ನೆಲಮಾಳಿಗೆಯಲ್ಲಿ ನಿಂತು ಹೊಸ ಹದಿನಾರು ಜನರಿಗೆ ಕಲಿಸಿದೆ. ಮನೆಮಾತಿನಲ್ಲಿ ಹೇಳಿ ಎಂದೆ. ಅವರು ಹೇಳಿದರು. ಯಾರ ಕೈ ಎಲ್ಲಿ ನಿಂತಿತು ಎಂಬುದು ನನಗೆ ಕಾಣಲಿಲ್ಲ. ಕ್ರಿಸ್‌ಮಸ್‌ಗೆ ಒಂಬತ್ತು ಜನ ಉಳಿದರು, ಈಸ್ಟರ್‌ಗೆ ಐದು.

ಹೆಲೆನ್ ಹಾಜರಿ ಪುಸ್ತಕ ಹಿಡಿದುಕೊಂಡು ಬಂದರು. ಕೋಪದಿಂದಲ್ಲ, ಬೇಸರದಿಂದ.

"ಏನೂ ಹೊಸದು ಬೇಡ, ಸುಮಿತ್ರಾ" ಎಂದರು. "ಹೋದ ವರ್ಷ ಏನು ಮಾಡಿದ್ದೆಯೋ ಅದನ್ನೇ ಮಾಡು."

ಆಗಲಿ ಎಂದೆ.